ಗೋವಾಕ್ಕೆ ದುಡಿಯಲು ಬಂದ ಕುಟುಂಬಗಳಿಗೆ: ಮೊದಲ ತಿಂಗಳಲ್ಲೇ ಮಾಡಿಕೊಳ್ಳಬೇಕಾದದ್ದು

ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ವಾಸ್ಕೋದಲ್ಲಿ ಇಳಿದವರಿಗೆ ಕೆಲಸ ಹುಡುಕುವುದು ಅಷ್ಟು ಕಷ್ಟವಲ್ಲ. ಕಟ್ಟಡ, ಹೋಟೆಲು, ಮನೆಗೆಲಸ, ಏನಾದರೂ ಸಿಗುತ್ತದೆ. ಆದರೂ ವರ್ಷಗಟ್ಟಲೆ ದುಡಿದ ಎಷ್ಟೋ ಮನೆಗಳು ಬಂದ ಜಾಗದಲ್ಲೇ ನಿಂತಿವೆ. ಅಕ್ಕಿ ದುಡ್ಡು ಕೊಟ್ಟು ತರಬೇಕು, ಮಗಳು ಶಾಲೆ ಬಿಟ್ಟಿದ್ದಾಳೆ, ಉಳಿಸಿದ್ದೆಲ್ಲ ಒಂದು ಆಪರೇಷನ್ನಿಗೆ ಹೋಗಿದೆ. ನಮ್ಮ ಸಂಘಕ್ಕೆ ಬರುವವರು ಹೇಳುವುದು ಹೆಚ್ಚಾಗಿ ಇದನ್ನೇ. ಇವರಿಗೆ ಹಕ್ಕು ಇರಲಿಲ್ಲ ಅಂತಲ್ಲ. ಕಾಗದ ಊರಲ್ಲಿತ್ತು, ಇಲ್ಲವೇ ಯಾರೋ ಒಬ್ಬರು "ಆಗಲ್ಲ" ಅಂದದ್ದನ್ನು ನಂಬಿ ಸುಮ್ನೆ ವಾಪಸ್ ಬಂದಿದ್ದರು.

ಮೊದಲು ಮಕ್ಕಳ ಶಾಲೆ

ಖೋಲಿ ಸಿಕ್ಕ ವಾರದಲ್ಲೇ ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ. ಉಳಿದ ಕೆಲಸಗಳು ನಾಲ್ಕು ದಿನ ತಡವಾದರೂ ನಡೆಯುತ್ತವೆ, ಇದು ತಡವಾಗಬಾರದು. ಟಿಸಿ (ಹಳೇ ಶಾಲೆಯ ವರ್ಗಾವಣೆ ಪತ್ರ) ಇಲ್ಲ, ಜನನ ಪ್ರಮಾಣಪತ್ರ ಇಲ್ಲ, ವರ್ಷದ ಮಧ್ಯೆ ಬಂದಿದ್ದೀರಿ ಅಂತ ಹಿಂದೆ ಕಳಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಈ ರಕ್ಷಣೆ ಕೊಟ್ಟಿದೆ. ನೀವು ಕೇಳಿದ ಕೂಡಲೇ ಊರಿನ ಮುಖ್ಯಶಿಕ್ಷಕರು ಟಿಸಿ ಕೊಡಬೇಕು. ಅದು ಬರುವುದು ತಡವಾದರೂ ಇಲ್ಲಿಯ ಶಾಲೆ ಮಗುವನ್ನು ಕೂರಿಸಿಕೊಳ್ಳಬೇಕು. ಆಧಾರ್ ಇಲ್ಲ ಅಂತ ಸೇರಿಸಿಕೊಳ್ಳದೆ ಇರಬಾರದು ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.

ಭಾಷೆಯದ್ದು ನಿಜವಾದ ತೊಂದರೆ. ಇಲ್ಲಿಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಹೆಚ್ಚಿನವು ಮರಾಠಿ ಅಥವಾ ಕೊಂಕಣಿ ಮಾಧ್ಯಮ. ಕನ್ನಡ ಶಾಲೆಗಳು ಬಹಳ ಕಡಿಮೆ. ಊರಲ್ಲಿ ನಾಲ್ಕನೇ ಕ್ಲಾಸು ಓದಿದ ಹುಡುಗನನ್ನು ಭಾಷೆ ಬರಲ್ಲ ಅಂತ ಒಂದನೇ ಕ್ಲಾಸಿಗೆ ಹಾಕುತ್ತೇವೆ ಅಂದರೆ ಒಪ್ಪಬೇಡಿ. ವಯಸ್ಸಿಗೆ ತಕ್ಕ ತರಗತಿ, ಜೊತೆಗೆ ವಿಶೇಷ ತರಬೇತಿ ಕೊಡಬೇಕು ಎಂಬುದು ಅದೇ ಕಾಯ್ದೆಯಲ್ಲಿದೆ. ಚಿಕ್ಕವರ ಜೊತೆ ಕೂತ ದೊಡ್ಡ ಹುಡುಗ ನಾಚಿಕೆಗೇ ಶಾಲೆ ಬಿಡುತ್ತಾನೆ. ಆಮೇಲೆ ಅಪ್ಪನ ಜೊತೆ ಸೈಟಿಗೆ ಹೋಗುತ್ತಾನೆ. ಇದನ್ನು ನೋಡಿ ನೋಡಿ ನಮಗೆ ಸಂಕಟವಾಗಿದೆ.

ಇನ್ನು ಹೆಣ್ಣುಮಕ್ಕಳು. ತಾಯಿ ಕೆಲಸಕ್ಕೆ ಹೋದರೆ ಕೂಸನ್ನು ನೋಡಿಕೊಳ್ಳಲು ಎಂಟು-ಹತ್ತು ವರ್ಷದ ಅಕ್ಕನನ್ನು ಮನೆಯಲ್ಲಿ ಬಿಡುತ್ತಾರೆ. ಮೂರು ವರ್ಷ ತುಂಬಿದ ಮಗುವನ್ನು ಅಂಗನವಾಡಿಗೆ ಹಾಕಿ. ಅಲ್ಲಿ ಊಟವೂ ಸಿಗುತ್ತದೆ, ಅಕ್ಕನಿಗೆ ಶಾಲೆಯೂ ಉಳಿಯುತ್ತದೆ. ಕೂಸು ಇನ್ನೂ ಚಿಕ್ಕದಾಗಿದ್ದರೆ ನಮ್ಮನ್ನು ಕೇಳಿ, ಅಕ್ಕಪಕ್ಕದ ನಾಲ್ಕು ಮನೆ ಸೇರಿಸಿ ಏನಾದರೂ ದಾರಿ ಮಾಡೋಣ.

ರೇಷನ್

ಊರಿನ ಕಾರ್ಡಿಗೆ ಇಲ್ಲಿ ಅಕ್ಕಿ ಬರುತ್ತದೆ. ಕರ್ನಾಟಕ, ಗೋವಾ ಎರಡೂ 2020ರ ಜನವರಿಯಿಂದಲೇ 'ಒಂದು ದೇಶ ಒಂದು ರೇಷನ್ ಕಾರ್ಡ್' ವ್ಯವಸ್ಥೆಯಲ್ಲಿವೆ. ಕಾರ್ಡ್ ನಂಬರ್ ಅಥವಾ ಆಧಾರ್ ನಂಬರ್ ಹೇಳಿ ಹೆಬ್ಬೆಟ್ಟು ಕೊಟ್ಟರೆ ಸಾಕು. ಅತ್ತೆ-ಮಾವ ಊರಲ್ಲೇ ಇದ್ದರೆ ಅವರ ಪಾಲನ್ನು ಅಲ್ಲೇ ಬಿಟ್ಟು ನಿಮ್ಮ ಪಾಲನ್ನಷ್ಟೇ ಇಲ್ಲಿ ಎತ್ತಬಹುದು. ಇಲ್ಲಿ ಸಿಗುವುದು ಕೇಂದ್ರದ ಪಾಲು ಮಾತ್ರ, ಆದ್ಯತಾ (ಬಿಪಿಎಲ್) ಕಾರ್ಡಿಗೆ ತಿಂಗಳಿಗೆ ತಲಾ 5 ಕಿಲೋ. ಕರ್ನಾಟಕ ಸರ್ಕಾರ ತನ್ನ ಕಡೆಯಿಂದ ಸೇರಿಸಿ ಕೊಡುವುದು ಗಡಿ ದಾಟುವುದಿಲ್ಲ. ಅಂಗಡಿಯವರು ಕೊಡದಿದ್ದರೆ 14445ಕ್ಕೆ ಫೋನ್ ಮಾಡಿ. ಊರು ಬಿಡುವ ಮೊದಲು ಮನೆಯವರೆಲ್ಲರ ಇ-ಕೆವೈಸಿ (ಕಾರ್ಡಿಗೆ ಆಧಾರ್ ಹೆಬ್ಬೆಟ್ಟಿನ ದೃಢೀಕರಣ) ಮಾಡಿಸಿ, ಇಲ್ಲದಿದ್ದರೆ ಹೆಬ್ಬೆಟ್ಟು ತಗೊಳ್ಳಲ್ಲ ಅಂತ ಓಡಾಟವಾಗುತ್ತದೆ.

ಪಗಾರ, ಮುಂಗಡ

ಒಂದು ಚಿಕ್ಕ ಡೈರಿ ಇಟ್ಟುಕೊಳ್ಳಿ. ದಿನದ ಹಾಜರಿ, ಬಂದ ಪಗಾರ ಬರೆಯಿರಿ. ಗುತ್ತೇದಾರನ ಫೋನ್ ನಂಬರ್, ಸೈಟಿನ ಬೋರ್ಡಿನ ಫೋಟೋ ಮೊಬೈಲಿನಲ್ಲಿರಲಿ. ಗುತ್ತೇದಾರ ಕೈಕೊಟ್ಟು ಓಡಿಹೋದರೆ ಕೆಲಸ ಮಾಡಿಸಿದ ಮೂಲ ಮಾಲೀಕರೇ ಕೂಲಿ ಕೊಡಬೇಕು. ಅದನ್ನು ಕೇಳುವಾಗ ಕಾರ್ಮಿಕ ಇಲಾಖೆಯಲ್ಲಿ ನಿಮ್ಮ ಕೈ ಹಿಡಿಯುವುದು ಈ ಡೈರಿಯೇ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳ ಕೈಯಲ್ಲಿ ಬರೆಸಿ.

"ಮುಂಗಡ ತೀರೋವರೆಗೆ ಎಲ್ಲೂ ಹೋಗಂಗಿಲ್ಲ" ಅಂತ ಹಿಡಿದಿಟ್ಟರೆ ಅದು ಜೀತ. 1976ರ ಕಾಯ್ದೆಯ ಪ್ರಕಾರ ಅಪರಾಧ. ಸಾಲ ಮಾಡಿದ್ದೇವಲ್ಲಾ, ತಪ್ಪು ನಮ್ಮದೇ ಅಂತ ಹೆದರಬೇಡಿ. ಉಚಿತ ಕಾನೂನು ನೆರವಿಗೆ 15100 ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟಿದ್ದರೂ ವಕೀಲರು ಸಿಗುತ್ತಾರೆ.

ಕಟ್ಟಡ ಕೆಲಸದವರು 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಇದಕ್ಕೂ ಆ ಡೈರಿ ಬೇಕು ಅಲ್ವಾ?

ಮನೆ

ಕೈಯಲ್ಲಿ ಸ್ವಲ್ಪ ದುಡ್ಡು ಸೇರಿದಾಗ "ಸ್ಟಾಂಪ್ ಪೇಪರ್ ಮೇಲೆ ಖೋಲಿ ಕೊಡ್ತೀನಿ" ಅಂತ ಬರುವವರಿದ್ದಾರೆ. ಅದು ಕೊಮುನಿದಾದ್ (ಗೋವಾದ ಹಳ್ಳಿಗಳ ಹಳೇ ಸಮುದಾಯ ಸಂಸ್ಥೆ) ಜಾಗವೋ ಸರ್ಕಾರಿ ಜಾಗವೋ ಆಗಿದ್ದರೆ ಮುಂದೊಂದು ದಿನ ಜೆಸಿಬಿ ಬರುತ್ತದೆ. ನೋಟರಿ ಸಹಿಯಿಂದ ಜಾಗ ನಿಮ್ಮದಾಗುವುದಿಲ್ಲ. ನೋಂದಣಿಯಾದ ಕ್ರಯಪತ್ರ ಇಲ್ಲದಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬಾಡಿಗೆಗೇ ಇರಿ, ಕರಾರುಪತ್ರ ಕೇಳಿ ಪಡೆಯಿರಿ. ಪೊಲೀಸರ ಬಾಡಿಗೆದಾರರ ಫಾರಂ ತುಂಬಿಸಿ, ಅದರ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ.

ಆಸ್ಪತ್ರೆ

ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನಲ್ಲಿ 2018ರಿಂದ ಹೊರರಾಜ್ಯದವರಿಗೆ ಶುಲ್ಕವಿದೆ. ಆದ್ದರಿಂದ ಸರ್ಕಾರಿ ಆರೋಗ್ಯ ವಿಮೆಯ ಆಯುಷ್ಮಾನ್ ಕಾರ್ಡನ್ನು ಊರಲ್ಲೇ ಮಾಡಿಸಿಕೊಂಡು ಬನ್ನಿ. ದಾಖಲಾಗುವ ಮೊದಲೇ ಸಹಾಯ ಕೌಂಟರಿನಲ್ಲಿ ತೋರಿಸಿ ಈ ಚಿಕಿತ್ಸೆಗೆ ನಡೆಯುತ್ತದೆಯೇ ಎಂದು ಕೇಳಿ. ಸಂಶಯವಿದ್ದರೆ 14555ಕ್ಕೆ ಕೇಳಬಹುದು.

ಗರ್ಭಿಣಿಯರು ತಾಯಿ ಕಾರ್ಡನ್ನು ಜೊತೆಗೇ ತನ್ನಿ. ಹೆರಿಗೆ ಇಲ್ಲಾದರೆ 21 ದಿನದೊಳಗೆ ಜನನ ನೋಂದಣಿ ಆಗಬೇಕು. ಬಾಣಂತನಕ್ಕೆ ತವರಿಗೆ ಹೊರಡುವ ಮುಂಚೆ ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ರೈಲು ಹತ್ತಿ. ಇಲ್ಲದಿದ್ದರೆ ಆಮೇಲೆ ಅದಕ್ಕೆಂದೇ ಎರಡು ದಿನದ ಪಗಾರ ಬಿಟ್ಟು ಓಡಾಡಬೇಕಾಗುತ್ತದೆ.