ಮೂರ್ಛೆರೋಗವಿರುವ ಮಕ್ಕಳಿಗಾಗಿ ಮ್ಯಾರಥಾನ್ ಓಡಿ ದೇಣಿಗೆ ಸಂಗ್ರಹಿಸುವುದು ಹೇಗೆ?

ಐದಾರು ತಿಂಗಳು ಬೆವರು ಹರಿಸಿ 42.195 ಕಿಲೋಮೀಟರ್ ಓಡಿ ಮುಗಿಸಿದವರು, ಸಂಗ್ರಹವಾದ ದೇಣಿಗೆ ಮಾತ್ರ ಅಂದುಕೊಂಡದ್ದರ ಕಾಲುಭಾಗವನ್ನೂ ಮುಟ್ಟಲಿಲ್ಲವೆಂದು ಕೊರಗುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಅವರ ತರಬೇತಿಯಲ್ಲಿ ಕೊರತೆಯಿರಲಿಲ್ಲ. ಓಟಕ್ಕೆ ಎರಡು ವಾರ ಉಳಿದಿರುವಾಗ ಪರಿಚಿತರೆಲ್ಲರಿಗೂ ಒಂದೇ ಸಂದೇಶವನ್ನು ಕಳುಹಿಸಿ ಸುಮ್ಮನಾದದ್ದೇ ತಪ್ಪಾಗಿತ್ತು. ಆದ್ದರಿಂದ ಈ ಲೇಖನದಲ್ಲಿ ಓಟಕ್ಕಿಂತ ಮನವಿಯ ಕುರಿತೇ ಹೆಚ್ಚು ಬರೆದಿದ್ದೇನೆ.

ಮೊದಲು ಸಂಸ್ಥೆಯನ್ನು ಆರಿಸಿಕೊಳ್ಳಿ. ಹಣವು ಔಷಧಿಗೆ ಹೋಗುತ್ತದೆಯೋ, ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಪರೀಕ್ಷೆಗೋ, ಶಿಕ್ಷಕರ ತರಬೇತಿಗೋ, ಸಂಶೋಧನೆಗೋ ಎಂಬುದನ್ನು ಲಿಖಿತವಾಗಿ ಕೇಳಿ, ಲೆಕ್ಕಪರಿಶೋಧನೆಯಾದ ವರದಿಯನ್ನು ನೋಡಿ. ಉತ್ತರ ಕೊಡಲು ಹಿಂಜರಿಯುವ ಸಂಸ್ಥೆಗಾಗಿ ಓಡಬೇಡಿ. ಸಂಸ್ಥೆಯ ಮೂಲಕವೇ ಓಟದ ಪ್ರವೇಶ ಪಡೆಯುವುದಾದರೆ, ಕನಿಷ್ಠ ಎಷ್ಟು ಹಣ ತರಬೇಕು, ಅದು ಕೂಡದಿದ್ದರೆ ಉಳಿದದ್ದನ್ನು ನೀವೇ ತುಂಬಬೇಕೇ ಎಂಬುದನ್ನು ಸಹಿ ಹಾಕುವ ಮುನ್ನ ತಿಳಿದುಕೊಳ್ಳಿ.

ಬಳಿಕ ವೈದ್ಯರಿಂದ ತಪಾಸಣೆ ಮಾಡಿಸಿಕೊಂಡು, 16ರಿಂದ 20 ವಾರಗಳ ತರಬೇತಿ ವೇಳಾಪಟ್ಟಿಯನ್ನು ಹಾಕಿಕೊಳ್ಳಿ.

ಮೂರನೆಯದು ಮನವಿಪತ್ರ. ಬಹುಪಾಲು ಜನ ಎಡವುವುದು ಇಲ್ಲಿಯೇ. ಅವರು ತಮ್ಮ ಓಟದ ಕಷ್ಟವನ್ನು ಎರಡು ಪುಟ ವಿವರಿಸಿ, ಕಾಯಿಲೆಯ ಬಗ್ಗೆ 'ಬಡಪಾಯಿ ಮಕ್ಕಳು' ಎಂಬ ಒಂದು ಮಾತಿನಲ್ಲಿ ಮುಗಿಸುತ್ತಾರೆ. ನೀವು ಹಾಗೆ ಮಾಡದೆ, ಓದುವವರಿಗೆ ತಿಳಿದಿರದ ಸಂಗತಿಯನ್ನು ಮೊದಲು ಹೇಳಿ. ಮೂರ್ಛೆರೋಗದ ಸೆಳವು ಎಂದರೆ ನೆಲಕ್ಕೆ ಬಿದ್ದು ಕೈಕಾಲು ಅದುರುವುದಷ್ಟೇ ಎಂದು ಹೆಚ್ಚಿನವರು ತಿಳಿದಿದ್ದಾರೆ. ಆದರೆ ಕೆಲವು ಮಕ್ಕಳು ಕೆಲವು ಸೆಕೆಂಡು ದೃಷ್ಟಿ ನೆಟ್ಟು ಸ್ತಬ್ಧರಾಗಿ, ಮತ್ತೆ ಏನೂ ಆಗದವರಂತೆ ಕೆಲಸ ಮುಂದುವರಿಸುತ್ತಾರೆ. ಅದೂ ಒಂದು ಬಗೆಯ ಸೆಳವೇ. ಅಂಥ ಮಗುವಿಗೆ ತರಗತಿಯಲ್ಲಿ ಸಿಗುವುದು ಚಿಕಿತ್ಸೆಯಲ್ಲ, ಪಾಠದ ಕಡೆ ಗಮನವಿಲ್ಲವೆಂಬ ಬೈಗುಳ. ಇದನ್ನು ಓದಿದ ತಾಯಿಯೊಬ್ಬರು ತಮ್ಮ ಮಗುವನ್ನು ಬೇರೆ ಕಣ್ಣಿನಿಂದ ನೋಡಿದರೆ, ದೇಣಿಗೆ ಬರುವ ಮೊದಲೇ ನಿಮ್ಮ ಪತ್ರ ಒಂದು ಕೆಲಸ ಮಾಡಿರುತ್ತದೆ.

ಅಂಕಿಅಂಶಗಳನ್ನು ಸುರಿಯಬೇಡಿ, ಎರಡು ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆರೋಗವಿದೆ. ಸರಿಯಾದ ರೋಗನಿರ್ಣಯವೂ ಚಿಕಿತ್ಸೆಯೂ ದೊರೆತರೆ ಅವರಲ್ಲಿ ಶೇ 70ರಷ್ಟು ಜನ ಸೆಳವಿಲ್ಲದೆ ಬದುಕಬಹುದು. ಈ ಎರಡನೆಯ ಅಂಕಿಯೇ ನಿಮ್ಮ ಪತ್ರದ ಬೆನ್ನೆಲುಬು, ಏಕೆಂದರೆ ಹಣದಿಂದ ನಿಜವಾಗಿಯೂ ಏನೋ ಆಗುತ್ತದೆಂಬ ಭರವಸೆ ಅದರಲ್ಲಿದೆ. ಹಾಗೆಂದು ರೋಗ ಪೂರ್ತಿ ಗುಣವಾಗುತ್ತದೆ ಎಂದು ಬರೆಯಬೇಡಿ. ಸುಮಾರು ಮೂರನೆಯ ಒಂದು ಭಾಗ ರೋಗಿಗಳಲ್ಲಿ ಔಷಧಿಗಳಿಂದ ಸೆಳವು ಹತೋಟಿಗೆ ಬರುವುದಿಲ್ಲ. ಅಂಥ ಮಕ್ಕಳಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆ, ಇನ್ನು ಕೆಲವರಿಗೆ ವೈದ್ಯರ ಉಸ್ತುವಾರಿಯ ಕೀಟೋಜೆನಿಕ್ (ಕೊಬ್ಬು ಹೆಚ್ಚು, ಪಿಷ್ಟ ತೀರ ಕಡಿಮೆ ಇರುವ) ಆಹಾರಕ್ರಮ ನೆರವಾಗುತ್ತದೆ.

ಸೆಳವು ಬಂದಿರುವ ಮಗುವಿನ ಚಿತ್ರವನ್ನಾಗಲಿ ವಿಡಿಯೊವನ್ನಾಗಲಿ ಎಂದಿಗೂ ಬಳಸಬೇಡಿ. ತಂದೆತಾಯಿ ಒಪ್ಪಿದರೂ ಬೇಡ. ಆ ಮಗು ಬೆಳೆದ ಮೇಲೂ ಆ ದೃಶ್ಯ ಅದರ ಬೆನ್ನು ಬಿಡುವುದಿಲ್ಲ. ಅದರ ಬದಲು ಪತ್ರದ ಕೊನೆಯಲ್ಲಿ ಪ್ರಥಮ ಚಿಕಿತ್ಸೆಯನ್ನು ಬರೆಯಿರಿ: ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಬೇಕು, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಬೇಕು, ಅದುಮಿ ಹಿಡಿಯಬಾರದು, ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬಾರದು, ಗಡಿಯಾರ ನೋಡುತ್ತಿರಬೇಕು, ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಬೇಕು.

ಕೇಳುವ ಕ್ರಮವೂ ಮುಖ್ಯ. ಮೊದಲ ದೇಣಿಗೆ ನಿಮ್ಮದೇ ಆಗಿರಲಿ. ಆಮೇಲೆ ತೀರ ಹತ್ತಿರದ ಹತ್ತು ಜನರನ್ನು ಒಬ್ಬೊಬ್ಬರಾಗಿ, ಹೆಸರು ಹಿಡಿದು, ಒಂದು ನಿರ್ದಿಷ್ಟ ಮೊತ್ತವನ್ನು ಸೂಚಿಸಿ ಕೇಳಿ. 'ಕೈಲಾದಷ್ಟು ಕೊಡಿ' ಎಂದರೆ ಎಷ್ಟು ಕೊಡಬೇಕೆಂದು ತಿಳಿಯದೆ ಜನ ಮುಂದೂಡುತ್ತಾರೆ, ಆಮೇಲೆ ಮರೆಯುತ್ತಾರೆ. ಈ ಹತ್ತು ಜನ ಕೊಟ್ಟ ಮೇಲಷ್ಟೇ ಮನವಿಯನ್ನು ಎಲ್ಲರ ಮುಂದಿಡಿ. ಖಾಲಿ ದೇಣಿಗೆ ಪುಟಕ್ಕೆ ಮೊದಲಿಗರಾಗಿ ಹಣ ಹಾಕಲು ಯಾರೂ ಮುಂದಾಗುವುದಿಲ್ಲ. ಇದೆಲ್ಲವೂ ಓಟಕ್ಕೆ ಹನ್ನೆರಡು ವಾರಗಳಿರುವಾಗಲೇ ಶುರುವಾಗಬೇಕು. ತರಬೇತಿಯಲ್ಲಿ ಪ್ರತಿ ಸಲ ದೂರದ ಓಟ ಮುಗಿಸಿದ ದಿನವೇ ನಾಲ್ಕು ಸಾಲಿನ ಸುದ್ದಿ ಕಳುಹಿಸುವ ಅಭ್ಯಾಸವಿಟ್ಟುಕೊಂಡರೆ, ಮತ್ತೆ ಮತ್ತೆ ಕೇಳುವ ಮುಜುಗರ ಇರುವುದಿಲ್ಲ.

ಇನ್ನು ಓಟ. ವಾರದ ಒಟ್ಟು ದೂರವನ್ನು ನಿಧಾನವಾಗಿ ಹೆಚ್ಚಿಸಿ, ವಾರಕ್ಕೊಮ್ಮೆ ಮಾಡುವ ದೀರ್ಘ ಓಟವನ್ನು 30 ಕಿಲೋಮೀಟರ್‌ವರೆಗೆ ಒಯ್ಯಿರಿ, ಕೊನೆಯ ಎರಡು ಮೂರು ವಾರ ದೂರವನ್ನು ಇಳಿಸಿ. ನಿಧಿಯ ಹೆಸರು ಅಚ್ಚಾದ ಟೀಶರ್ಟ್ ಹತ್ತಿಯದ್ದಾದರೆ ಅದನ್ನು ತೊಟ್ಟು ಓಡಬೇಡಿ. ಬೆವರು ಹೀರಿ ಭಾರವಾಗಿ ಚರ್ಮವನ್ನು ತರಚುತ್ತದೆ. ಬೂಟು, ಎನರ್ಜಿ ಜೆಲ್ ಯಾವುದನ್ನೂ ಓಟದ ದಿನ ಹೊಸದಾಗಿ ಪ್ರಯತ್ನಿಸಬಾರದು. ನೋವು ಬಾರದಿರಲೆಂದು ಐಬುಪ್ರೊಫೇನ್ ನುಂಗಿ ಓಡುವ ಅಡ್ಡದಾರಿಯಂತೂ ಮೂತ್ರಪಿಂಡಗಳಿಗೆ ಅಪಾಯಕಾರಿ.

ಓಟದ ದಿನ ಮೊದಲ 10 ಕಿಲೋಮೀಟರ್‌ಗಳನ್ನು ನಿಮಗೇ ತೀರ ನಿಧಾನವೆನಿಸುವ ವೇಗದಲ್ಲಿ ಓಡಿ. ದೇಣಿಗೆ ಕೊಟ್ಟವರು ರಸ್ತೆಬದಿಯಲ್ಲಿ ಕೂಗಿ ಹುರಿದುಂಬಿಸುವಾಗ ವೇಗ ತಾನಾಗಿಯೇ ಏರುತ್ತದೆ; ಆಗ ಖರ್ಚಾದ ಗ್ಲೈಕೋಜನ್ (ದೇಹ ಕೂಡಿಟ್ಟುಕೊಂಡ ಸಕ್ಕರೆಯ ಇಂಧನ) 30 ಕಿಲೋಮೀಟರ್ ದಾಟಿದ ಮೇಲೆ ಬೇಕೆಂದರೂ ಸಿಗುವುದಿಲ್ಲ. ಬಾಯಾರಿಕೆಗೆ ತಕ್ಕಷ್ಟೇ ನೀರು ಕುಡಿಯಿರಿ. ಅತಿಯಾದರೆ ರಕ್ತದಲ್ಲಿ ಸೋಡಿಯಂ ಕುಸಿಯುತ್ತದೆ, ಅದು ಮಿತಿಮೀರಿದರೆ ಆರೋಗ್ಯವಂತರಿಗೂ ಸೆಳವು ಬರಬಹುದು.

ಓಟ ಮುಗಿದ ವಾರದೊಳಗೆ ಕೊಟ್ಟ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಬರೆದು, ಒಟ್ಟು ಮೊತ್ತವನ್ನೂ ಸಂಸ್ಥೆಯಿಂದ ಬಂದ ರಸೀದಿಯನ್ನೂ ತಿಳಿಸಿ. ಕೊಡುತ್ತೇನೆಂದು ಮಾತು ಕೊಟ್ಟು ಮರೆತವರಿಗೂ ಆ ವಾರವೇ ನೆನಪಿಸಿ. ನನ್ನ ಅನುಭವದಲ್ಲಿ ಓಟ ಮುಗಿಸಿದವರ ಆ ಪತ್ರಕ್ಕೆ ಇಲ್ಲವೆನ್ನುವವರು ತೀರ ಕಡಿಮೆ.