ಎಂಟ್ರಿ ಟೈಮ್ ನಂಬೋದು ಬಿಟ್ಟ ಮೇಲೆ ಹೀಟು ಸರಿಯಾಯ್ತು: ನನ್ನ ಅನುಭವ

ಈಜಿನ ಮೀಟಲ್ಲಿ ಒಂದು ಹೀಟಿನ (ಒಟ್ಟಿಗೆ ಈಜೋ ಒಂದು ಗುಂಪಿನ) ಎಲ್ಲರೂ ಹತ್ರ ಹತ್ರ ಒಂದೇ ಹೊತ್ತಿಗೆ ಮುಗಿಸೋ ಹಾಗೆ ಮಾಡ್ಬೇಕು ಅಂತ ನಾನು ಅಂದ್ರೆ "ಅದೆಲ್ಲ ಆಗೋ ಮಾತಲ್ಲ ಬಿಡು ಮಾರಾಯ" ಹೇಳಿ ಎರಡು ವರ್ಷ ತಲೆ ತಿಂದವರೆಲ್ಲ ಈ ಮೇ ತಿಂಗಳು ಕೊಳದ ಕಟ್ಟೆ ಮೇಲೆ ನಿಂತು ನಾಲ್ಕನೇ ಹೀಟು ನೋಡಿದ್ರು. ನೂರು ಮೀಟರ್ ಫ್ರೀಸ್ಟೈಲ್, ಆರು ಲೇನು, ಆರು ಜನ. ಮೊದಲು ಮುಟ್ಟಿದ್ದು 1:41 (ಒಂದು ನಿಮಿಷ 41 ಸೆಕೆಂಡ್) ಚಿಲ್ಲರೆ, ಕೊನೇದು 1:44 ಚಿಲ್ಲರೆ. ವಾಚ್ ಹಿಡಿದವರಿಗೇ ಯಾರು ಮೊದಲು ಅಂತ ಗೊತ್ತಾಗದೆ ಒಬ್ಬರ ಮುಖ ಒಬ್ಬರು ನೋಡ್ತಾ ಇದ್ರು. ಅದೇ ಹೀಟಲ್ಲಿ 29ರ ಹುಡುಗ ಒಬ್ಬ, ಕುಮಟಾ ಕಡೆಯ 61ರ ರಿಟೈರ್ಡ್ ಟೀಚರ್ ಒಬ್ರು. ವಯಸ್ಸು, ಹೆಂಗಸು ಗಂಡಸು ಏನೂ ನೋಡ್ಲಿಲ್ಲ, ಬರೀ ಟೈಮ್ ನೋಡಿ ಕೂರಿಸಿದ್ದು. ಮೆಡಲ್ ಮಾತ್ರ ವಯಸ್ಸಿನ ಗುಂಪಿನ ಪ್ರಕಾರವೇ ಕೊಟ್ಟಿದ್ದು, ಅದು ಬೇರೆ ಲೆಕ್ಕ.

ಕಾರವಾರದಲ್ಲಿ ದೊಡ್ಡವರಿಗೆ ಹೇಳಿ ಈಜು ಮೀಟ್ ಶುರು ಮಾಡಿದ್ದು 2023ರಲ್ಲಿ. 25 ದಾಟಿದವರಿಗೆ ಮಾತ್ರ. ಮೊದಲ ವರ್ಷ 43 ಜನ, ಎಂಟ್ರಿ ಫಾರ್ಮಲ್ಲಿ ಒಂದು ಖಾನೆ, "ನಿಮ್ಮ ಟೈಮ್". ಜನ ಏನು ಬರೆದ್ರೋ ಅದನ್ನೇ ನಂಬಿ ನಿಧಾನದವರು ಮೊದಲು, ಜೋರಿನವರು ಕೊನೆಗೆ ಅಂತ ಹೀಟ್ ಮಾಡ್ದೆ, ಜೋರಿನವ ಮೂರನೇ ಲೇನು, ಆಮೇಲೆ 4, 2, 5, 1, 6, ಅಂದ್ರೆ ಜೋರಿನವರು ನಡುವೆ, ನಿಧಾನದವರು ಅಂಚಿಗೆ. ಮೇಲಿಂದ ನನ್ನದೊಂದು ಜಾಣತನ, ಪ್ರತಿ ಹೀಟ್ ಗೆದ್ದವರಿಗೆ ಒಂದು ಡಜನ್ ಅಂಕೋಲೆಯ ಕರಿ ಇಶಾಡು ಮಾವಿನಹಣ್ಣು. ಮೇ ತಿಂಗಳಲ್ಲಿ ಈ ಕರಾವಳಿಯವರ ಮುಂದೆ ಕರಿ ಇಶಾಡು ಇಟ್ರೆ ಏನಾಗ್ತದೆ ಅಂತ ನಾನು ಯೋಚನೆ ಮಾಡಬೇಕಿತ್ತು.

ಆದದ್ದು ಏನಂದ್ರೆ, 1:20ರಲ್ಲಿ ಆರಾಮಾಗಿ ಈಜೋ ಜನ 1:55 ಅಂತ ಬರೆದು ನಿಧಾನದ ಹೀಟಿಗೆ ನುಗ್ಗಿ ಒಂದಿಡೀ ಕೊಳ ಮುಂದೆ ಹೋಗಿ ಹಣ್ಣಿನ ಬುಟ್ಟಿ ಎತ್ಕಂಡು ಹೋದ್ರು. ಟೈಮ್ಡ್ ಫೈನಲ್ (ಬೇರೆ ಫೈನಲ್ ಇಲ್ಲ, ಎಲ್ಲ ಹೀಟಿನ ಟೈಮ್ ಒಟ್ಟಿಗೆ ನೋಡಿ ಸ್ಥಾನ) ಆದ್ರಿಂದ ಮೆಡಲಿಗೆ ಯಾವ ಹೀಟಲ್ಲಿ ಈಜಿದ್ರೂ ಒಂದೇ, ಸುಳ್ಳು ಹೇಳಿ ಲಾಭ ಇಲ್ಲ, ಅಂತ ನನ್ನ ತರ್ಕ ಆಗಿತ್ತು. ಮೆಡಲಿಗೆ ಲಾಭ ಇಲ್ಲ ಸರಿ, ಹಣ್ಣಿಗೆ ಇತ್ತಲ್ಲ! ಹಣ್ಣು ಬಿಡಿ, "ಹೀಟ್ ಗೆದ್ದೆ" ಅನ್ನೋ ಫೋಟೋಕ್ಕೂ ಇತ್ತು.

ಇನ್ನೊಂದು ಜಾತಿ ಇದರ ಉಲ್ಟಾ. ಒಬ್ರು 58 ಸೆಕೆಂಡ್ ಅಂತ ಬರೆದಿದ್ರು. ನಾನು ಹೆದರಿ ಕೊನೇ ಹೀಟು, ಮೂರನೇ ಲೇನು ಕೊಟ್ಟೆ. ಬಂದದ್ದು 1:31. ಉಳಿದ ಐದು ಜನ 1:08ರಿಂದ 1:15 ಒಳಗೆ ಮುಗಿಸಿ ಲೇನಿನ ಹಗ್ಗ ಹಿಡ್ಕಂಡು ಇವರನ್ನ ಕಾಯ್ತಾ ನಿಂತಿದ್ರು. ಆಮೇಲೆ ಕೇಳಿದ್ರೆ 58 ಹೌದು, ಸುಳ್ಳಲ್ಲ, 1996ರ ಯೂನಿವರ್ಸಿಟಿ ಮೀಟಿಂದು! ಮತ್ತೊಂದು ಕಡೆ, ಮೀನುಗಾರರ ಮನೆ ಹುಡುಗ ಒಬ್ಬನಿಗೆ ಟೈಮೇ ಇಲ್ಲ, ಖಾನೆ ಖಾಲಿ. ನಿಯಮದ ಪ್ರಕಾರ ಟೈಮ್ ಇಲ್ಲದವರು ಎಲ್ಲರಿಗಿಂತ ನಿಧಾನ ಅಂತ ಲೆಕ್ಕ, ಮೊದಲ ಹೀಟಿಗೆ ಹಾಕ್ದೆ. 1:09. ಪಕ್ಕದ ಲೇನಿನ ಹೆಂಗಸರು ಅವನ ಅಲೆಗೆ ನೀರು ಕುಡಿದ್ರು. ಅವನ ತಪ್ಪು ಒಂದು ಚೂರೂ ಇಲ್ಲ, ಅವತ್ತು ಬೈಸ್ಕಂಡದ್ದೂ ಅವನೇ.

ಆ ವರ್ಷ ಬಂದ ದುಡ್ಡು ಕಳೆದು ಕೈಯಿಂದ ಹೋದದ್ದು ಎಂಟು ಸಾವಿರದ ಹತ್ರ. ಕೊಳದ ಬಾಡಿಗೆ ಅರ್ಧ ದಿನಕ್ಕೆ ಒಂಬತ್ತು, ಮೆಡಲ್ ಆರೂವರೆ, ಆಂಬುಲೆನ್ಸ್ ಎರಡೂವರೆ, ಹಣ್ಣೇ ಏಳು ಸಾವಿರ.

2024ಕ್ಕೆ ನಾನು ಸ್ಟ್ರಿಕ್ಟ್ ಆದೆ. ಎಂಟ್ರಿ ಟೈಮಿಗೆ ಪ್ರೂಫ್ ಬೇಕು, ಎರಡು ವರ್ಷದ ಒಳಗಿನ ಸರ್ಟಿಫಿಕೇಟ್ ಬೇಕು ಅಂದೆ. 43 ಇದ್ದವರು 29 ಆದ್ರು. ಕಾಳಿ ನದಿ, ಅಘನಾಶಿನಿಯಲ್ಲಿ ಈಜು ಕಲಿತವರ ಹತ್ರ ಎಂತ ಸರ್ಟಿಫಿಕೇಟ್ ಇರ್ತದೆ? ಸರ್ಟಿಫಿಕೇಟ್ ಇದ್ದವರದ್ದೂ ನೆಟ್ಟಗೆ ಇರ್ಲಿಲ್ಲ. ಬೆಂಗಳೂರಿಂದ ಬಂದ ಇಬ್ಬರದ್ದು ಬಸವನಗುಡಿಯ 50 ಮೀಟರ್ ಕೊಳದ ಟೈಮು, ಪಾಪ ಪ್ರಾಮಾಣಿಕರು. ನಮ್ಮದು 25, ನೂರಕ್ಕೆ ಎರಡು ಟರ್ನ್ ಜಾಸ್ತಿ, ಗೋಡೆ ಒದ್ದು ಹೋಗೋದ್ರಲ್ಲೇ ಎರಡು ಸೆಕೆಂಡ್ ಉಳೀತದೆ. ಅದನ್ನ ಕಳೀದೆ ಹಾಕಿದ್ದಕ್ಕೆ ಅವರು ಒಂದು ಹೀಟ್ ಕೆಳಗೆ ಬಿದ್ರು, ಗೆದ್ರು, ಹಣ್ಣೂ ತಗಂಡ್ರು, ನಾಚಿಕೆಯಿಂದ ಅಲ್ಲೇ ಕತ್ತರಿಸಿ ಎಲ್ಲರಿಗೂ ಹಂಚಿದ್ರು. ಆ ವರ್ಷದ ಲಾಸು 14 ಸಾವಿರ. ಹೆಂಡತಿ ಎದುರಿಗೆ ಒಂಬತ್ತು ಅಂತ ಹೇಳಿದ್ದೇನೆ, ಇದನ್ನ ಓದಿದ್ರೆ ಗೊತ್ತಾಗ್ತದೆ.

ಅದೇ ವರ್ಷ ಇನ್ನೊಂದು ವಿಷಯ ಬಯಲಾಯ್ತು. ನಮ್ಮ ಕಡೆಯ ಇನ್ನೊಂದು ಕೊಳದಲ್ಲಿ ಪ್ರಾಕ್ಟೀಸ್ ಮಾಡೋರ ಟೈಮೆಲ್ಲ ಯಾಕೋ ಸ್ವಲ್ಪ ಜೋರು. ಒಂದಿನ ಮೇಸ್ತ್ರಿ ಹತ್ರ ಉದ್ದದ ಟೇಪ್ ಇಸ್ಕಂಡು ಹೋಗಿ ಗೋಡೆಯಿಂದ ಗೋಡೆಗೆ ಅಳತೆ ಹಿಡಿದ್ರೆ 24 ಮೀಟರ್ 62 ಸೆಂಟಿಮೀಟರ್. ಎರಡು ಸಲ ಹಿಡಿದೆ, ಅದೇ ಬಂತು. ಕೊಳ 25ಕ್ಕಿಂತ ಕೂದಲೆಳೆಯಷ್ಟು ಜಾಸ್ತಿ ಇದ್ರೆ ನಡೀತದೆ, ಕಮ್ಮಿ ಇರೋ ಹಾಗಿಲ್ಲ. ನೂರು ಮೀಟರಿಗೆ ನಾಲ್ಕು ಲೆಂತು (ಗೋಡೆಯಿಂದ ಗೋಡೆಗೆ ನಾಲ್ಕು ಸಲ), ಒಟ್ಟು ಒಂದೂವರೆ ಮೀಟರ್ ಕಮ್ಮಿ, ಒಂದೂವರೆ ನಿಮಿಷದ ಈಜುಗಾರನಿಗೆ ಹತ್ರ ಹತ್ರ ಒಂದೂಕಾಲು ಒಂದೂವರೆ ಸೆಕೆಂಡ್ ಪುಗಸಟ್ಟೆ. ಅಲ್ಲಿ ಈಜೋರಿಗೆ ಇದನ್ನ ಹೇಳಿದ್ದಕ್ಕೆ ಒಂದು ತಿಂಗಳು ಯಾರೂ ನನ್ನ ಹತ್ರ ಮಾತಾಡ್ಲಿಲ್ಲ.

ಹಾಗಾಗಿ ಈ ವರ್ಷ ಫಾರ್ಮಿಂದ ಟೈಮ್ ಖಾನೆಯನ್ನೇ ತೆಗೆದೆ. ಮೀಟಿಗೆ ಎರಡು ವಾರ ಮುಂಚೆ ಟ್ರಯಲ್, ಎಲ್ಲರೂ ಅದೇ ಕೊಳ, ಅದೇ ವಾಚು, ಎರಡು ಭಾನುವಾರ, ಬೆಳಿಗ್ಗೆ ಆರರಿಂದ ಎಂಟೂವರೆ, ಯಾವುದಾದ್ರೂ ಒಂದಕ್ಕೆ ಬಂದ್ರೆ ಸಾಕು. ಆ ಹೊತ್ತಿಗೆ ಬಾಡಿಗೆ ಅರ್ಧ. "ಶಿರಸಿಯವರು ಘಟ್ಟ ಇಳಿದು ಎರಡೆರಡು ಸಲ ಬರ್ತಾರಾ? ಹುಚ್ಚಾ?" ಅಂತ ಕಮಿಟಿಯಲ್ಲಿ ಎಲ್ಲರೂ ನಕ್ರು. ದೇವಿಮನೆ ಘಟ್ಟ ಇಳಿದು ಒಂದೇ ಟೆಂಪೋ ಟ್ರಾವೆಲರಲ್ಲಿ 11 ಜನ ಬಂದ್ರು! ಯಾಕೆ ಬಂದ್ರು ಅಂದ್ರೆ 300 ರೂಪಾಯಿ ಡೆಪಾಸಿಟ್ ಇತ್ತು, ಟ್ರಯಲಿಗೆ ಬರದಿದ್ರೆ ಹೋಯ್ತು. ದೊಡ್ಡವರಿಗೆ ಮುನ್ನೂರು ದೊಡ್ಡ ಮೊತ್ತ ಅಲ್ಲ, ಆದ್ರೆ ಕಳ್ಕೊಳ್ಳೋದು ಅಂದ್ರೆ ಯಾರಿಗೂ ಆಗೋದಿಲ್ಲ. ಹೆಸರು ಕೊಟ್ಟ 57 ಜನರಲ್ಲಿ ಬರದೇ ಇದ್ದವರು ಆರು ಜನ ಅಷ್ಟೇ.

ಈಗ ನೀವು ಕೇಳ್ತೀರಿ, ಟ್ರಯಲಲ್ಲೇ ಬೇಕಂತ ನಿಧಾನ ಈಜಿದ್ರೆ? ಈಜಿದ್ರು, ಈಜದೇ ಇರ್ತಾರಾ. ಅದಕ್ಕೇ ಟ್ರಯಲಲ್ಲಿ ಎರಡು ದೂರ ಇಟ್ಟಿದ್ದು. ಮೊದಲು 50, ಇಪ್ಪತ್ತು ನಿಮಿಷ ರೆಸ್ಟು, ಆಮೇಲೆ 100. ಸುಮಾರಾಗಿ ಪ್ರಾಕ್ಟೀಸ್ ಇರೋರಿಗೆ 100 ಅಂದ್ರೆ 50ರ ಎರಡೂಕಾಲು ಪಟ್ಟು, ದಮ್ಮು ಕಮ್ಮಿ ಇದ್ದವರಿಗೆ ಎರಡೂವರೆ ತನಕ ಹೋಗ್ತದೆ. 50ನ್ನ 36ರಲ್ಲಿ ಹೊಡೆದು 100ಕ್ಕೆ 1:38 ತಗಂಡ್ರೆ ಒಂದೋ ಅವರಿಗೆ ಹುಷಾರಿಲ್ಲ, ಒಂದೋ ನನ್ನನ್ನ ಮಂಗ ಮಾಡ್ತಿದಾರೆ. ಎರಡನ್ನೂ ಒಂದೇ ಅಳತೆಯಲ್ಲಿ ನಿಧಾನ ಮಾಡೋದು ಬಹಳ ಕಷ್ಟ, ನಾನೇ ಪ್ರಯತ್ನ ಮಾಡಿ ನೋಡಿದೇನೆ, ಆಗ್ಲಿಲ್ಲ. ಇದರ ಜೊತೆ ಮೂರನೇದೊಂದು ನೋಡ್ತೇನೆ, ಕಣ್ಣಲ್ಲೇ ಕಾಣ್ತದೆ, ವಾಚು ಬೇಡ. ಅದೇನು ಅಂತ ಇಲ್ಲಿ ಬರೆಯೋದಿಲ್ಲ, ಮುಂದಿನ ವರ್ಷ ಬರೋರೂ ಇದನ್ನ ಓದ್ತಾರೆ.

ಆಮೇಲೆ ಶೇಕಡಾ ನಾಲ್ಕರ ರೂಲು. ರೇಸಲ್ಲಿ ಟ್ರಯಲಿಗಿಂತ ನಾಲ್ಕಕ್ಕಿಂತ ಜಾಸ್ತಿ ಜೋರು ಬಂದ್ರೆ ಟೈಮ್ ಲೆಕ್ಕಕ್ಕುಂಟು, ಮೆಡಲೂ ಉಂಟು, ಡೆಪಾಸಿಟ್ ಇಲ್ಲ, ಹಣ್ಣಿಲ್ಲ. ಮೊದಲು ಮೂರು ಅಂತ ಇಟ್ಟಿದ್ದೆ, ನಮ್ಮದೇ ಗ್ಯಾಂಗಿನ ಇಪ್ಪತ್ತು ಜನರ ಮೇಲೆ ಟೆಸ್ಟ್ ಮಾಡಿದ್ರೆ ಬರೀ ರೇಸಿನ ಹುರುಪಿಗೇ ಎರಡೂವರೆ ಮೂರು ಇಳೀತದೆ, ಪ್ರಾಮಾಣಿಕರೇ ಸಿಕ್ಕಿ ಬೀಳ್ತಾರೆ. ನಾಲ್ಕರಲ್ಲೂ ಒಬ್ರು ಸಿಕ್ಕಿಬಿದ್ರು. ಶಿರಸಿಯ ಹೆಂಗಸು, ಟ್ರಯಲ್ 1:52, ರೇಸು 1:46.9, ಅಂದ್ರೆ ನಾಲ್ಕೂವರೆ. ಅಳು ಬರೋ ಹಾಗಾಗಿದ್ರು. ವಿಚಾರಿಸಿದ್ರೆ ಆ ಎರಡು ವಾರದಲ್ಲಿ ಫ್ಲಿಪ್ ಟರ್ನ್ (ಗೋಡೆ ಹತ್ರ ನೀರಲ್ಲೇ ಪಲ್ಟಿ ಹೊಡೆದು ತಿರುಗೋದು) ಕಲ್ತಿದ್ರು! ವಿಡಿಯೋ ಹಾಕಿ ನೋಡಿದೆ, ಮೂರು ಟರ್ನಲ್ಲಿ ಎರಡು ಚಂದ ಆಗಿತ್ತು, ಒಂದರಲ್ಲಿ ಗೋಡೆ ಸಿಕ್ಕಿರ್ಲಿಲ್ಲ. ಡೆಪಾಸಿಟ್ ವಾಪಸ್ ಕೊಟ್ಟೆ. ನಿಧಾನ ಆದವರಿಗೆ ಮಾತ್ರ ಯಾವ ದಂಡವೂ ಇಲ್ಲ, ಐವತ್ತು ದಾಟಿದ ಮೇಲೆ ಹಿಂದಿನ ರಾತ್ರಿ ನಿದ್ದೆ ಬರದೇ ಇದ್ರೆ ಮೂರು ಸೆಕೆಂಡ್ ಹಾಗೇ ಹೋಗ್ತದೆ.

ಹಣ್ಣಿನ ರೂಲೂ ತಿರುವಿ ಹಾಕ್ದೆ. ಹೀಟ್ ಗೆದ್ದವರಿಗೆ ಏನೂ ಇಲ್ಲ. ಯಾವ ಹೀಟಲ್ಲಿ ಮೊದಲನೆಯವರಿಗೂ ಕೊನೆಯವರಿಗೂ ಅಂತರ ಎಲ್ಲಕ್ಕಿಂತ ಕಮ್ಮಿಯೋ ಆ ಹೀಟಿನ ಆರೂ ಜನಕ್ಕೆ ಒಂದೊಂದು ಡಜನ್. ಇದು ನನ್ನ ತಲೆಯಿಂದ ಬಂದದ್ದು, ಸ್ವಲ್ಪ ಹೆಮ್ಮೆ ಉಂಟು. ಈಗ ಸುಳ್ಳು ಟೈಮ್ ಕೊಟ್ಟು ಕೆಳಗಿನ ಹೀಟಿಗೆ ಬಂದವ ಉಳಿದ ಐದು ಜನರ ಹಣ್ಣು ತಪ್ಪಿಸ್ತಾನೆ, ನಾನು ಬೈಯ್ಯೋದು ಬೇಡ, ಅವರೇ ನೋಡ್ಕಳ್ತಾರೆ. ಮೊದಲ ವರ್ಷ ಹೀಟಿನ ಅಂತರ ಸರಾಸರಿ 35 ಸೆಕೆಂಡ್ ಇದ್ದದ್ದು ಈ ಸಲ ಎಂಟಕ್ಕೆ ಬಂತು.

ವಾಚಿನ ಕಥೆ ಬೇರೆ. ಮೊದಲ ವರ್ಷ ಗಂಡನ ಲೇನಿಗೆ ಹೆಂಡತಿ, ಅಪ್ಪನ ಲೇನಿಗೆ ಮಗಳು ವಾಚ್ ಹಿಡಿದಿದ್ರು, ಗೋಡೆ ಮುಟ್ಟೋ ಮೊದಲೇ ಹೆಬ್ಬೆರಳು ಒತ್ತಿಯಾಗಿತ್ತು. ಈಗ ಲೇನಿಗೆ ಎರಡು ವಾಚು, ನೆಂಟರು ಈಜೋ ಲೇನಿಗೆ ವಾಚ್ ಹಿಡಿಯೋ ಹಾಗಿಲ್ಲ, ಎರಡರ ಸರಾಸರಿ, 0.3ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಮೊಬೈಲ್ ವಿಡಿಯೋ. ಸ್ಟಾರ್ಟಿಗೆ ಸೀಟಿ ಜೊತೆ ಟಾರ್ಚ್ ಲೈಟೂ, ವಾಚಿನವರು ಲೈಟ್ ನೋಡಿ ಒತ್ತಬೇಕು. 12 ವಾಚಿಗೆ ಐದು ಸಾವಿರ ಚಿಲ್ಲರೆ ಆಯ್ತು.

ಲೇನ್ ಹಗ್ಗ ರೆಡಿಮೇಡ್ ಕೇಳಿದ್ರೆ ಒಂದಕ್ಕೆ 14 ಸಾವಿರ ಅಂದ್ರು, ಐದಕ್ಕೆ 70. ನಾನು ಬೈತಖೋಲದ ಬಲೆ ಅಂಗಡಿಗೆ ಹೋಗಿ ಮೀನು ಬಲೆಯ ಬೆಂಡು 750 ತಂದೆ, ಹಗ್ಗ ಎಲ್ಲ ಸೇರಿ ಹತ್ತು ಸಾವಿರದಲ್ಲಿ ಮುಗೀತು. ಮೊದಲ ಸಲ ಕಟ್ಟಿದಾಗ ಬೆಂಡು ನುಣ್ಣಗಿದ್ದದ್ದಕ್ಕೆ ಅಲೆ ಮುರೀಲೇ ಇಲ್ಲ, ಹಗ್ಗವೇ ಕುಣೀತಿತ್ತು, ಮೇಲಿಂದ ಭುಜ ತರಚಿ ನಾಲ್ಕು ಜನಕ್ಕೆ ಬ್ಯಾಂಡೇಡ್. ಪೈಪಿನ ತುಂಡು ಸೇರಿಸಿ ಬೇರೆ ತರ ಪೋಣಿಸಿದ ಮೇಲೆ ಸರಿಯಾಯ್ತು, ಹೇಗೆ ಅಂತ ಬೇಕಾದವರು ಬಂದು ನೋಡಿ.

ಲೇನಿನ ಗಲಾಟೆ ಮಾತ್ರ ಇನ್ನೂ ನಿಂತಿಲ್ಲ. "ನನಗೆ ಆರನೇ ಲೇನು ಹಾಕಿ ಸೋಲಿಸಿದ್ರು" ಅನ್ನೋರಿಗೆ ಟುನೀಶಿಯಾದ ಹಫ್ನಾವಿ ಟೋಕಿಯೋ ಒಲಿಂಪಿಕ್ಸಲ್ಲಿ 400 ಮೀಟರ್ ಫ್ರೀಸ್ಟೈಲ್ ಗೆದ್ದದ್ದು ಅಂಚಿನ ಎಂಟನೇ ಲೇನಿಂದ, 2016ರ ರಿಯೋ ಒಲಿಂಪಿಕ್ಸಲ್ಲಿ ಕಜಾಕಿಸ್ತಾನದ ಬಲಾಂಡಿನ್ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಗೆದ್ದದ್ದೂ ಎಂಟನೇ ಲೇನಿಂದ ಅಂತ ಹೇಳಿ ಬಾಯಿ ಮುಚ್ಚಿಸ್ತೇನೆ. ಆದ್ರೂ ಮನಸ್ಸಿಗೆ ಕಿರಿಕಿರಿ ಆಗಿ ಒಂದು ರಾತ್ರಿ ಫಿಲ್ಟರ್ ಪಂಪ್ ಚಾಲೂ ಇಟ್ಟು ಒಂದೊಂದು ಲೇನಿಗೆ ಒಂದೊಂದು ಬೆಂಡು ಬಿಟ್ಟು ನೋಡಿದೆ. ಒಂದನೇ ಲೇನಲ್ಲಿ ನಿಮಿಷಕ್ಕೆ ಎರಡು ಮೀಟರ್ ತೇಲಿ ಹೋಯ್ತು! ಹೋಗ್ತಾ ಬರ್ತಾ ಆದ್ರೆ ಲೆಕ್ಕ ಹೆಚ್ಚುಕಮ್ಮಿ ಸರಿಹೋಗ್ತದೆ, ಒಂದೇ ಕಡೆ ಈಜೋ 25 ಮೀಟರ್ ಡ್ಯಾಶಲ್ಲಿ ಸರಿಹೋಗೋದಿಲ್ಲ. ಈಗ ರೇಸಿನ ಹೊತ್ತಿಗೆ ಪಂಪ್ ಬಂದ್.

ಈ ಟೈಮಿನ ಹುಚ್ಚಲ್ಲಿ 2024ರ ಫೆಬ್ರವರಿಯಲ್ಲಿ ಒಂದು ದಂಡದ ಕೆಲಸವೂ ಆಯ್ತು. ಕಾಳಿ ನದಿಯಲ್ಲಿ ಸದಾಶಿವಗಡ ದಡದಿಂದ ಕೋಡಿಬಾಗ ಕಡೆಗೆ ಈಜು, ಕೊಳದ ಟೈಮ್ ಹಿಡಿದು ನಿಧಾನದವರನ್ನ ಮೊದಲು ಬಿಡೋದು, ಜೋರಿನವರನ್ನ ಕೊನೆಗೆ, ಎಲ್ಲರೂ ಒಟ್ಟಿಗೆ ದಡ ಸೇರ್ಬೇಕು. ಭರತಿ ನಿಂತ ಹೊತ್ತು ನೋಡಿ ಟೈಮ್ ಇಟ್ಟಿದ್ದೆ, ದೋಣಿ ಬರೋದು ಮುಕ್ಕಾಲು ಗಂಟೆ ತಡ, ಅಷ್ಟೊತ್ತಿಗೆ ಇಳಿತ ಶುರುವಾಗಿ ಬಿಟ್ಟಿತ್ತು. ಮೊದಲು ಬಿಟ್ಟವರು ಹೇಗೋ ದಾಟಿದ್ರು. ಕೊನೆಗೆ ಬಿಟ್ಟ ನಮ್ಮ ಚಾಂಪಿಯನ್‌ಗಳು ಕೊಳದಲ್ಲಿ ಹೋದ ಹಾಗೆ ನೆಟ್ಟಗೆ ಹೋಗಿ ಅಳಿವೆ ಕಡೆಗೆ ತೇಲಿ, ದೋಣಿ ಹತ್ತಿ ಬಂದ್ರು. ಆ ಟೈಮ್ ಇಲ್ಲದ ಹುಡುಗ, 1:09ರವ, ಮೊದಲು ನೂರು ಮಾರು ಮೇಲಕ್ಕೆ ಈಜಿ ಆಮೇಲೆ ಅಡ್ಡ ಬಿಟ್ಟು ಬಾವುಟದ ಕಾಲಿಗೇ ಬಂದು ಮುಟ್ಟಿದ. ಉಪ್ಪು ನೀರಲ್ಲಿ ಕಾಲು ಮುಳುಗೋರೂ ತೇಲ್ತಾರೆ, ಕೊಳದಲ್ಲಿ ನಿಧಾನ ಅಂತ ಬರೆದವರು ಅಲ್ಲಿ ನಿಧಾನ ಅಲ್ಲ, ಅದೂ ಆಗ್ಲೇ ಗೊತ್ತಾದದ್ದು. ಆಗಸ್ಟಲ್ಲಿ ಹಳೇ ಸೇತುವೆ ಕುಸಿದ ಮೇಲೆ ಆ ಕಡೆ ಈಜೋ ಮಾತೇ ಎತ್ತಿಲ್ಲ.

ಈ ವರ್ಷ ಎಲ್ಲ ಖರ್ಚು ಕಳೆದು ಮೂರು ಸಾವಿರ ಉಳೀತು. 1996ರವರು ಈ ಸಲವೂ ಬಂದಿದ್ರು. ಟ್ರಯಲ್ 1:29, ಸಿಟ್ಟು ಮಾಡ್ಕಂಡೇ ರೇಸಿಗೆ ಇಳಿದು 1:27.8, ರೂಲಿನ ಒಳಗೇ, ಮುನ್ನೂರು ಎಣಿಸಿ ತಗಂಡು ಹೋದ್ರು. ಮುಂದಿನ ವರ್ಷಕ್ಕೆ 200 ಸೇರಿಸ್ಬೇಕು ಅಂತ ಉಂಟು, ಅದರ ಲೆಕ್ಕ ಇನ್ನೂ ಕೂತಿಲ್ಲ. ಅದಕ್ಕಿಂತ ಮೊದಲು, ನಾವು ಬಾಡಿಗೆಗೆ ತಗೊಳ್ಳೋ ಕೊಳದ ಮಾಲೀಕರು ಮಳೆಗಾಲದಲ್ಲಿ ಎರಡೂ ಗೋಡೆಗೆ ಹಳೇ ಟೈಲ್ಸ್ ಮೇಲೇ ಹೊಸ ಟೈಲ್ಸ್ ಕೂರಿಸ್ತಿದಾರಂತೆ. ಹೋಗಿ ಅಳತೆ ಹಿಡೀಬೇಕು, ಟೇಪು ಕಾರಲ್ಲೇ ಉಂಟು.