ನಮ್ಮ ಮನೆಯಲ್ಲಿ ಆಡ್ವೆಂಟ್ ಕೊನೆಗೂ ನೆಲೆ ನಿಂತಿತು: ನನ್ನ ಅನುಭವ

ಹೋದ ಆಡ್ವೆಂಟ್‌ನಲ್ಲಿ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಯುವ ಕಾಲದಲ್ಲಿ, ಮೊದಲ ಭಾನುವಾರದಿಂದ ಡಿಸೆಂಬರ್ 24ರವರೆಗೆ ನಮ್ಮ ಮನೆಯ ಸಂಜೆ ಪ್ರಾರ್ಥನೆ ಒಂದು ದಿನವೂ ತಪ್ಪಲಿಲ್ಲ. "ಮಕ್ಕಳು ಒಂದು ವಾರ ಕೂತ್ಕೋತಾರೆ, ಆಮೇಲೆ ನೀನೊಬ್ಬಳೇ" ಅಂದಿದ್ದ ಅತ್ತೆಯವರೇ ಈಗ ನಾದಿನಿಗೆ ಫೋನಿನಲ್ಲಿ ನಮ್ಮ ಕ್ರಮ ಹೇಳಿಕೊಡುತ್ತಿದ್ದಾರೆ. ರೀತ್ ಅಂದರೆ ನಾಲ್ಕು ಕ್ಯಾಂಡಲ್ ಇಟ್ಟ ಹಸಿರೆಲೆಯ ಬಳೆ. ಮೂರು ನೇರಳೆ, ಮೂರನೇ ವಾರದ್ದು ಗುಲಾಬಿ, ಪ್ರತಿ ಭಾನುವಾರ ಒಂದೊಂದು ಹೆಚ್ಚಿಗೆ ಹಚ್ಚುತ್ತಾ ಹೋಗುತ್ತೇವೆ. ನೇರ ವಿಷಯಕ್ಕೆ ಬರುತ್ತೇನೆ.

ಮೊದಲು ದುಡ್ಡು ಹೋದ ಕಥೆ. ದಿನಕ್ಕೊಂದು ಕಿಟಕಿ ತೆರೆದು ಒಳಗಿನ ಚಾಕೊಲೇಟ್ ತಿನ್ನುವ ಕ್ಯಾಲೆಂಡರ್ ಅಂಗಡಿಯಲ್ಲಿ ಸಿಗುತ್ತದಲ್ಲ, ಅದನ್ನು ಮಕ್ಕಳಿಗೆ ಒಂದೊಂದು ತಂದೆವು. ಮೂರನೇ ದಿನಕ್ಕೆ 24 ಕಿಟಕಿಯೂ ಖಾಲಿ. ಮುಂದಿನ ಸಲ ದಿನಕ್ಕೊಂದು ಚಿಕ್ಕ ಆಟಿಕೆ ಅಂದುಕೊಂಡೆವು. ಲೆಕ್ಕ ಹಾಕಿದರೆ ಅದು ಕ್ರಿಸ್‌ಮಸ್ ಉಡುಗೊರೆಗಿಂತ ಜಾಸ್ತಿ. ಅದಕ್ಕೂ ಮೇಲೆ, ಆ ಕ್ಯಾಲೆಂಡರ್‌ಗಳೆಲ್ಲ ಡಿಸೆಂಬರ್ 1ಕ್ಕೇ ಶುರು. ಆಡ್ವೆಂಟ್ ಹಾಗಲ್ಲ, ಅದರ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಎಂದು ಬೇಕಾದರೂ ಬರುತ್ತದೆ. 2022ರಲ್ಲಿ 28 ದಿನ ಸಿಕ್ಕಿತು, 2023ರಲ್ಲಿ ಬರೀ 22.

ಈಗ ನಮ್ಮಲ್ಲಿರುವುದು ಒಂದು ದಾರ, 28 ಪುಟ್ಟ ಕವರ್. ನಂಬರನ್ನು ಹಿಂದಿನಿಂದ ಹಾಕಿದ್ದೇವೆ, 24ನೇ ತಾರೀಖಿನದು 1. ದಿನ ಕಡಿಮೆ ಇರುವ ವರ್ಷ ದೊಡ್ಡ ನಂಬರಿನ ಕವರ್‌ಗಳನ್ನು ತೆಗೆದಿಟ್ಟರಾಯಿತು. ಒಳಗೆ ಬೈಬಲಿನ ಒಂದು ವಚನ, ಆ ದಿನ ಮಾಡಬೇಕಾದ ಒಂದು ಕೆಲಸ. ಆ ಕೆಲಸಗಳನ್ನು ಹೇಗೆ ಆರಿಸುತ್ತೇನೆ ಅನ್ನೋದನ್ನು ಮಾತ್ರ ಹೇಳಲ್ಲ, ನನ್ನ ಮಕ್ಕಳೂ ಇದನ್ನು ಓದುತ್ತಾರೆ.

ಕ್ಯಾಂಡಲ್ ಖರ್ಚು ಇಳಿಸಿದ್ದು ನನಗೆ ತುಂಬಾ ಹೆಮ್ಮೆಯ ವಿಷಯ. ಮೊದಮೊದಲು ಅರ್ಧ ಗಂಟೆ ಉರಿಸುತ್ತಿದ್ದೆವು. ನಾಲ್ಕನೇ ಭಾನುವಾರದ ಹೊತ್ತಿಗೆ ಮೊದಲನೇ ಕ್ಯಾಂಡಲ್ ಬುಡ ಸೇರಿರುತ್ತಿತ್ತು, ಪಕ್ಕದ ಹಸಿರೆಲೆ ಒಣಗಿ ಗರಿಗರಿ. ಒಂದು ಸಂಜೆ ಎಲೆಯ ತುದಿಗೆ ಕಿಡಿ ಹತ್ತಿಯೇಬಿಟ್ಟಿತು. ಆಮೇಲೆ ಹಸಿರನ್ನು ಕ್ಯಾಂಡಲ್‌ನಿಂದ ದೂರ ಸರಿಸಿ, ವಾರಕ್ಕೊಮ್ಮೆ ಬದಲಿಸಿದೆವು. ಉರಿಸುವುದು ಐದೇ ನಿಮಿಷ. ಹತ್ತಿಂಚಿನ ಕ್ಯಾಂಡಲ್ ಗಂಟೆಗೆ ಹೆಚ್ಚುಕಡಿಮೆ ಒಂದು ಇಂಚು ಇಳಿಯುತ್ತದೆ. ಅಂದರೆ ಇಡೀ ಆಡ್ವೆಂಟ್‌ಗೆ ಮೊದಲನೆಯದು ಎರಡೂವರೆ ಇಂಚು ಕರಗಿದರೆ ಹೆಚ್ಚು. ಮುಂದಿನ ವರ್ಷ ಮೊದಲನೆಯದನ್ನು ನಾಲ್ಕನೆಯದರ ಜಾಗಕ್ಕೆ, ನಾಲ್ಕನೆಯದನ್ನು ಮೊದಲನೆಯದರ ಜಾಗಕ್ಕೆ ಇಡುತ್ತೇನೆ. ಎರಡೂ ನೇರಳೆ ಬಣ್ಣವೇ ಅಲ್ವಾ! ಒಂದೇ ಸೆಟ್ ಎರಡು ಮೂರು ವರ್ಷ ಆರಾಮಾಗಿ ಬರುತ್ತದೆ. ಹೀಗೆ ಹಳೇ ಕ್ಯಾಂಡಲ್ ಇಟ್ಟರೆ ರೀತ್ ಚೆಂದ ಕಾಣಲ್ಲ ಅಂದವರಿಗೆ ಜರ್ಮನಿಯ ವಿಖರ್ನ್ ಪಾದ್ರಿಯ ಕಥೆ ಹೇಳುತ್ತೇನೆ. ಹ್ಯಾಂಬರ್ಗ್‌ನಲ್ಲಿ 1839ರಲ್ಲಿ ಅವರು ಬಡಮಕ್ಕಳಿಗಾಗಿ ಆಡ್ವೆಂಟ್ ರೀತ್ ಮಾಡಿದ್ದು ಹಳೇ ಗಾಡಿ ಚಕ್ರದಲ್ಲಿ. ವಾರದ ದಿನಗಳಿಗೆ 20 ಚಿಕ್ಕ ಕೆಂಪು ಕ್ಯಾಂಡಲ್, ಭಾನುವಾರಕ್ಕೆ 4 ದೊಡ್ಡ ಬಿಳಿ.

ಐದು ನಿಮಿಷಕ್ಕೆ ಇಳಿಸಿದಾಗ "ಇದೆಂಥ ಪ್ರಾರ್ಥನೆ" ಅಂದವರೂ ಇದ್ದರು. ಆದರೆ ಮಕ್ಕಳು ಕೂತಿದ್ದೇ ಆಗ. ಲೈಟ್ ಆರಿಸು, ಕ್ಯಾಂಡಲ್ ಹಚ್ಚು, ಕವರ್ ಒಡೆ, ವಚನ ಓದು, ಒಂದು ಹಾಡು. ಮುಗೀತು. ಊಟಕ್ಕೆ ಮುಂಚೆಯೇ ಆಗಬೇಕು, ಊಟ ಆದಮೇಲೆ ಯಾರೂ ಕೈಗೆ ಸಿಗಲ್ಲ.

ನಡುವೆ ಲೂಕನ ಸುವಾರ್ತೆ (ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಪುಸ್ತಕ) ಓದುವ ಪ್ರಯೋಗವೂ ಆಯಿತು. 24 ಅಧ್ಯಾಯ, ಡಿಸೆಂಬರ್ 1ರಿಂದ ದಿನಕ್ಕೊಂದು. ಕೇಳೋಕೆ ಚೆನ್ನಾಗಿದೆ. ಆದರೆ ಮೊದಲ ಅಧ್ಯಾಯವೇ 80 ವಚನ, ಚಿಕ್ಕವನು ಅದರಲ್ಲಿ ಬರುವ ಜಕರೀಯನ ಕಥೆಗೇ ನಿದ್ದೆಹೋದ. ಎರಡನೇ ದಿನಕ್ಕೆ ಯೇಸು ಹುಟ್ಟಿಯಾಯಿತು, 23ನೇ ತಾರೀಖು ಶಿಲುಬೆ. ಕಾಯುವ ಕಾಲಕ್ಕೆ ಅದು ಹೊಂದಲ್ಲ. ಈಗ ದೊಡ್ಡವರಿಬ್ಬರೇ ಓದುತ್ತೇವೆ. ಮಕ್ಕಳಿಗೆ ಇಷಯನ ಮರ ಹಿಡಿಸಿತು. ಇಷಯ ಅಂದರೆ ದಾವೀದ ರಾಜನ ತಂದೆ, ಯೇಸುವಿನ ವಂಶದವನು. ಯೇಸುವಿಗೆ ಮುಂಚಿನ ಬೈಬಲ್ ಕಥೆಗಳ ಚಿತ್ರ ತೂಗುಹಾಕುವ ಮರ ಇದು. ಒಣಕೊಂಬೆಗೆ ನೋಹನ ನಾವೆ, ಯಾಕೋಬನ ಏಣಿ, ದಾವೀದನ ಕಿನ್ನರಿ ಬರೆದು ಕತ್ತರಿಸಿ ತೂಗುಹಾಕುತ್ತಾರೆ. ಕಾಗದ, ಅಂಟು ಬಿಟ್ಟರೆ ಖರ್ಚಿಲ್ಲ.

ನಿಜವಾದ ಗೆಲುವು ಮಾತ್ರ ಗೋದಲಿಯದು, ಅಂದರೆ ಬಾಲಯೇಸುವನ್ನು ಮಲಗಿಸುವ ಮೇವಿನ ತೊಟ್ಟಿಯದು. ಮಾಡಿದ ಪ್ರತಿ ಒಳ್ಳೆ ಕೆಲಸಕ್ಕೆ ಅದರಲ್ಲಿ ಒಂದು ಹುಲ್ಲುಕಡ್ಡಿ ಹಾಕುವುದು ಪದ್ಧತಿ. ನಮ್ಮಲ್ಲಿ ಅದು ಜಗಳವಾಗುತ್ತಿತ್ತು. "ನಂದು ಹದಿನೈದು, ನಿಂದು ಆರು!" ಒಬ್ಬ ನೀರು ತಂದುಕೊಟ್ಟು ಲೋಟ ಕೆಳಗಿಡುವ ಮೊದಲೇ ಗೋದಲಿಗೆ ಓಡುತ್ತಿದ್ದ. ಆಗ ನಿಯಮ ತಿರುಗಿಸಿದೆ. ನಿನ್ನ ಕೆಲಸಕ್ಕೆ ನೀನು ಹಾಕುವಂತಿಲ್ಲ, ಬೇರೆಯವರು ಮಾಡಿದ್ದನ್ನು ನೋಡಿದರೆ ಅವರ ಪರವಾಗಿ ಹಾಕು, ಯಾರದು ಅಂತ ಹೇಳಬೇಡ. ವಾರ ಕಳೆಯುವಷ್ಟರಲ್ಲಿ ಲೆಕ್ಕ ನಿಂತುಹೋಯಿತು. ಅಣ್ಣತಮ್ಮ ಒಬ್ಬರನ್ನೊಬ್ಬರು ಗಮನಿಸೋಕೆ ಶುರುಮಾಡಿದರು. ಕಡ್ಡಿಯನ್ನು ಬೆರಳುದ್ದಕ್ಕೇ ಕತ್ತರಿಸಿ, ಚಿಕ್ಕದಾದರೆ ಗೋದಲಿ ತುಂಬುವುದೇ ಇಲ್ಲ. ಬಾಲಯೇಸುವಿನ ಮೂರ್ತಿ 24ರ ರಾತ್ರಿಯವರೆಗೆ ಬೀರುವಿನಲ್ಲೇ ಇರಲಿ, ಎಷ್ಟೇ ಗೋಗರೆದರೂ ಹೊರಗೆ ತೆಗೆಯಬೇಡಿ.

2026ರಲ್ಲಿ ಶುರುಮಾಡುವವರಿಗೆ ಮೊದಲ ಭಾನುವಾರ ನವೆಂಬರ್ 29. 26 ಕವರ್ ಸಾಕು.